ಕೆಂಪು ಶಾಯಿಯ ಶೇರಾ

ಗುರುಪಾದಪ್ಪನವರು ಒಂದು ಕಾಲಕ್ಕೆ ಸಿಂದಗಿ ತಾಲೂಕಿನ ಹೈಸ್ಕೂಲುಗಳನ್ನೆಲ್ಲ ನಡುಗಿಸಿದ ತಪಾಸಣಾಧಿಕಾರಿ. ಈಗ ಮಾತಾಡಿಸುವವರೂ ಇಲ್ಲ. ತಮ್ಮ ಕೈಬರಹವನ್ನಾದರೂ ನೋಡಿ ಬರೋಣವೆಂದು ಒಂದು ದಿನ ಹಳೆಯ ಹೈಸ್ಕೂಲೊಂದಕ್ಕೆ ಹೋದರು. ಮುಖ್ಯಶಿಕ್ಷಕಿ ಶೈಲಶ್ರೀ ಕಪಾಟಿನಿಂದ ಶೇರಾ ಪುಸ್ತಕ ಹುಡುಕಿ, ಧೂಳು ಕೊಡವಿ ಮುಂದಿಟ್ಟಳು.

ತಪಾಸಣೆಯಲ್ಲಿ ಕಂಡ ಕೊರತೆಗಳನ್ನು ಅವರು ಅದರಲ್ಲೇ ಬರೆಯುತ್ತಿದ್ದರು. ಶಾಲೆಯವರು ಕೆಳಗೆ ಉತ್ತರ ಬರೆಯಬೇಕಿತ್ತು. ಕೆಂಪು ಶಾಯಿ ಇನ್ನೂ ಮಾಸಿರಲಿಲ್ಲ: 'ಗಣಿತದ ಚನಮಲ್ಲಪ್ಪ ಮಾಸ್ತರರು ತರಗತಿಯಲ್ಲಿ ಮಕ್ಕಳೊಡನೆ ನಗುತ್ತಾರೆ. ತಕ್ಷಣ ನಿಲ್ಲಿಸತಕ್ಕದ್ದು.'

ಅದರ ಕೆಳಗೆ ಮಾಸ್ತರರ ದುಂಡನೆಯ ಅಕ್ಷರ: 'ನಿಲ್ಲಿಸಿದ್ದೇನೆ.'

"ಈ ಮಾಸ್ತರು ಈಗ ಎಲ್ಲಿ ಅದಾರವ್ವಾ?" ಎಂದರು ಗುರುಪಾದಪ್ಪ.

"ನಮ್ಮಪ್ಪಾರ್ರಿ ಅವ್ರು. ತೀರಕೊಂಡು ನಾಕು ವರ್ಷ ಆತ್ರಿ."

ಶೈಲಶ್ರೀ ಬಗ್ಗಿ ಆ ಸಾಲನ್ನು ಮತ್ತೊಮ್ಮೆ ಓದಿದಳು.

"ಅಪ್ಪ ನಗತಿದ್ರು ಅನ್ನೂದು ನನಗ ಇವತ್ತ ಗೊತ್ತಾತ್ರಿ."