ಮೀಸಲು ಹೆಂಚು

ಕಾಟಮ್ಮನ ವರ್ಷದ ಕಾರ್ಯ ಮುಗಿಯಿತು. ಒಂದು ವರ್ಷದಿಂದ ನಿಂತಿದ್ದ ಮನೆದೇವರು ಜುಂಜಪ್ಪನ ಮೀಸಲು ಇನ್ನು ಮತ್ತೆ ಶುರುವಾಗಬೇಕಿತ್ತು.

ಹೊಸದುರ್ಗದ ಬಸ್ಸಿಳಿದು ತೆಂಗಿನ ತೋಟ ದಾಟಿದರೆ ಸಿಗುವ ಆ ಹಟ್ಟಿಯಲ್ಲಿ, ಆ ಮನೆತನಕ್ಕೆ ಮಾತ್ರ ಒಂದು ಕಟ್ಟಳೆಯಿತ್ತು. ಸೋಮವಾರ ಬೆಳಗ್ಗೆ ಕುರಿಗಳು ರೊಪ್ಪ ಬಿಡುವ ಮುಂಚೆ ಮನೆಯ ಸೊಸೆ ಮಡಿಯಲ್ಲಿ ರಾಗಿ ರೊಟ್ಟಿ ಸುಡಬೇಕು. ಒಂದು ಚೂರು ದೇವರಿಗೆ, ಒಂದು ಚೂರು ಹಿಂಡಿನ ಮುಂದೆ ನಡೆಯುವ ಟಗರಿಗೆ, ಉಳಿದದ್ದು ಬಾಗಿಲಿಗೆ ಯಾರು ಬಂದರೆ ಅವರಿಗೆ. ಆ ರೊಟ್ಟಿಗೆಂದೇ ಬೀಡು ಕಬ್ಬಿಣದ ಒಂದು ಹೆಂಚು. ಅದರ ಮೇಲೆ ಬೇರೆ ಏನೂ ಬೇಯಕೂಡದು. ಕಾಟಮ್ಮ ಬಾಗಿಲು ಮುಚ್ಚಿಕೊಂಡು ಒಬ್ಬಳೇ ಕುಂತು ಆ ರೊಟ್ಟಿ ಸುಡುತ್ತಿದ್ದಳು. ಅವಳ ಮಡಿ ಅಂಥದ್ದು ಎಂದು ಹಟ್ಟಿಯೆಲ್ಲ ಹೇಳುತ್ತಿತ್ತು.

ಈಗ ಆ ಕೆಲಸ ಸೊಸೆ ಕಾವ್ಯಶ್ರೀಗೆ ಬಂದಿತ್ತು. ಕಾವ್ಯಶ್ರೀ ಎಡಚಿ. ಕಸ ಗುಡಿಸುವುದು, ಹಾಲು ಕರೆಯುವುದು, ರೊಟ್ಟಿ ಮಗುಚುವುದು, ಎಲ್ಲವೂ ಎಡಗೈಲಿ. ಊಟವೊಂದು ಬಲಗೈಲಿ.

"ನಮಗೆ ನೀನು ಯಾವ ಕೈಲಿ ಸುಟ್ಟರೂ ತಿಂತೀವಿ ತಾಯಿ," ಎಂದಳು ಗಂಗಕ್ಕ. ಅವಳು ಕಾಟಮ್ಮನ ನಾದಿನಿ. ಗಂಡ ತೀರಿಕೊಂಡ ಮೇಲೆ ತವರಿನ ಹಟ್ಟಿಗೇ ಬಂದು ಪಕ್ಕದ ಮನೆಯಲ್ಲಿದ್ದಳು. "ದೇವರಿಗೆ ಎಡಗೈ ರೊಟ್ಟಿ ಇಡಕಾಗ್ತದಾ? ಬಲಗೈ ರೂಢಿ ಮಾಡ್ಕ."

ಕಾವ್ಯಶ್ರೀ ದಿನಾ ತವಾದ ಮೇಲೆ ರೂಢಿ ಮಾಡಿದಳು. ಬಲಗೈಲಿ ಸಟ್ಟುಗ ಹಿಡಿದರೆ ರೊಟ್ಟಿ ಅರ್ಧಕ್ಕೆ ಹರಿಯುತ್ತಿತ್ತು, ಇಲ್ಲವೇ ಮಡಚಿ ಒಲೆಗೆ ಬೀಳುತ್ತಿತ್ತು. ಬೆರಳೂ ಸುಟ್ಟಿತು.

"ಇದೇನಿದು, ಚಂದ್ರವಳ್ಳಿ ಗುಹೆ ನಕ್ಷೆನಾ?" ಎಂದ ಗಂಡ ಜುಂಜೇಶ, ತಟ್ಟೆಯಲ್ಲಿದ್ದ ರೊಟ್ಟಿ ನೋಡಿ.

"ಸುಮ್ನೆ ತಿನ್ರಿ."

ಗಂಗಕ್ಕ ನಗಲಿಲ್ಲ. "ಆಗ್ಲಿಲ್ಲ ಅಂದ್ರೆ ಕರಿಯಣ್ಣನ ಮನೆಗೆ ಮೀಸಲು ಕೊಟ್ಟುಬಿಡಾಣ. ಅವನೂ ದಾಯಾದಿನೇ, ಅವನ ಸೊಸೆನೂ ಸೊಸೆನೇ."

ಆ ಮಾತು ಕಾವ್ಯಶ್ರೀಗೆ ಸುಟ್ಟ ಬೆರಳಿಗಿಂತ ಹೆಚ್ಚು ಉರಿಯಿತು. ಒಮ್ಮೆ ಈ ಹೊಸಿಲು ದಾಟಿದ ಮೀಸಲು ಮತ್ತೆ ಬರುವುದಿಲ್ಲ. ಕಾಟಮ್ಮ ಕೊನೆಯ ದಿನಗಳಲ್ಲಿ ಅವಳ ಎಡಗೈಯನ್ನೇ ಹಿಡಿದುಕೊಂಡು, "ಮೀಸಲು ಬಿಡಬ್ಯಾಡ ಕಣೆ," ಎಂದಿದ್ದಳು.

ಭಾನುವಾರ ಜುಂಜೇಶ ಅಟ್ಟ ಹತ್ತಿ ಗೋಣಿಚೀಲವೊಂದನ್ನು ಇಳಿಸಿದ. ಮಳೆಗಾಲದಲ್ಲಿ ಸೂರು ಸೋರಿ ಚೀಲ ನೆನೆದಿತ್ತು. ಒಳಗೆ ಒಂದಲ್ಲ, ಎರಡು ರೊಟ್ಟಿ ಹೆಂಚುಗಳು. ಅಳತೆ ಒಂದೇ, ಮೋಟು ಹಿಡಿಯೂ ಒಂದೇ. ಎರಡರ ಮೇಲೂ ತುಕ್ಕು ಕೆಮ್ಮಣ್ಣು ಮೆತ್ತಿದ ಹಾಗೆ ಕೂತಿತ್ತು.

"ಒಂದು ಮೀಸಲಿಂದು, ಒಂದು ದಿನಬಳಕೆದು," ಎಂದಳು ಗಂಗಕ್ಕ. "ಒಂದೇ ಸಂತೇಲಿ ತಂದಿದ್ದು. ನಮ್ಮ ಹಳೇ ಹೆಂಚು ಸೀಳಿತ್ತು. ಅತ್ತಿಗೆ ಮದುವೆಯಾಗಿ ಬಂದ ವರ್ಷ ಅದು."

"ದಿನಬಳಕೆದ್ರಲ್ಲಿ ಕುರಿ ಈಲಿ ಹುರಿದಿದ್ದನ್ನ ನಾನೇ ತಿಂದೀನಿ," ಎಂದ ಜುಂಜೇಶ. "ತಪ್ಪಿ ಅದರಲ್ಲೇ ಸುಟ್ಟುಬಿಟ್ರೆ?"

"ತಪ್ಪಲ್ಲ. ಮೀಸಲಿನ ಬೆನ್ನಿಗೆ ಅತ್ತಿಗೆ ಉಳಿಯಲ್ಲಿ ಮೂರು ಗೀಟು ಹೊಡೆಸಿದ್ಲು. ತುಕ್ಕು ಬಿಟ್ಟರೆ ಕಾಣ್ತದೆ."

"ಹಂಗಾದ್ರೆ ವೆಲ್ಡಿಂಗ್ ಶಾಪಿಗೆ ಒಯ್ತೀನಿ. ಓಬಳೇಶ ಗ್ರೈಂಡರ್ ಹಿಡಿದ್ರೆ ಒಂದು ಟೀ ಕುಡಿಯೋದ್ರಲ್ಲಿ ಫಳಫಳ."

"ಗೀಟೂ ಹೋಗ್ತದೆ, ಹೆಂಚೂ ಹೋಗ್ತದೆ. ನೀನು ಟೀ ಕುಡಿ ಹೋಗಪ್ಪ."

ಕಾವ್ಯಶ್ರೀ ಫೋನಿನಲ್ಲಿ ನೋಡಿದ್ದಳು. "ವಿನೆಗರಲ್ಲಿ ನೆನೆಸ್ಬೇಕಂತೆ ಗಂಗತ್ತೆ."

"ಅದೇನು ಹುಳೀನಾ?"

"ಹೂಂ, ಹುಳಿನೇ."

"ಹುಣಸೆಹಣ್ಣಿಗೇನು ಬರ ಬಂದೈತಾ ಮನೇಲಿ?"

ಹುಣಸೆ ಕಿವುಚಿದ ನೀರಿನಲ್ಲಿ ಎರಡೂ ಹೆಂಚು ಮಧ್ಯಾಹ್ನದವರೆಗೆ ನೆನೆದವು. ಆಮೇಲೆ ಗಂಗಕ್ಕ, ಕಾವ್ಯಶ್ರೀ ಇಬ್ಬರೂ ಜಗುಲಿಯ ಮುಂದೆ ಕುಂತು, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದರು. ಕೆಂಪು ನೀರು ಹರಿದು ಅಂಗಳ ದಾಟಿತು. ಹಳೆಯ ಕಬ್ಬಿಣ ಅವಸರದ ಕೈಗೆ ಒಗ್ಗುವುದಿಲ್ಲ. ತಿಕ್ಕುತ್ತ ತಿಕ್ಕುತ್ತ ಮಾತು ನಿಂತಿತು, ಉಸಿರು ಮಾತ್ರ ಉಳಿಯಿತು. ದೇವರ ಪಾತ್ರೆ ಬೆಳಗುವಾಗ ಬರುವಂಥ ಒಂದು ನೆಮ್ಮದಿ ಕಾವ್ಯಶ್ರೀಯ ಮನಸ್ಸಿಗೆ ಬಂತು.

ಗಂಗಕ್ಕನ ಕೈಲಿದ್ದ ಹೆಂಚಿನ ಬೆನ್ನು ನುಣ್ಣಗೆ ಬಂತು. ಗೀಟಿಲ್ಲ. ಕಾವ್ಯಶ್ರೀಯ ಕೈಲಿದ್ದದ್ದರ ಬೆನ್ನಿನ ಮಸಿ ಪದರ ಎದ್ದಾಗ ಮೂರು ಗೀಟು ಕಂಡವು.

"ಅಗೋ, ಸಿಕ್ಕಿದ," ಎಂದು ಗಂಗಕ್ಕ ಕೈಮುಗಿದಳು. ಕಂಡದ್ದು ಗೀಟಲ್ಲ, ಜುಂಜಪ್ಪನೇ ಎನ್ನುವ ಹಾಗೆ.

ಹೆಂಚು ಪಳಗಿಸಲು ಒಲೆ ಹೊತ್ತಿಸಿದರು. ಹಿಡಿ ಕುಳಿತುಕೊಳ್ಳಲು ಒಲೆಯ ಮುಂಭಾಗದಲ್ಲೊಂದು ಕಚ್ಚು ಇತ್ತು, ಆದ್ದರಿಂದ ಹಿಡಿ ಯಾವಾಗಲೂ ಸುಡುವವಳ ಕಡೆಗೇ. ಹೆಂಚು ಸಣ್ಣ ಉರಿಯಲ್ಲಿ ಕಾದ ಮೇಲೆ ಕಡಲೆಕಾಯಿ ಎಣ್ಣೆ ಬಿಟ್ಟು, ಅರ್ಧ ಕೊಯ್ದ ಈರುಳ್ಳಿಯಲ್ಲಿ ಉಜ್ಜಿದರು. ಬೂದು ಕಬ್ಬಿಣ ಮೆಲ್ಲಗೆ ಕಪ್ಪಾಗತೊಡಗಿತು. ಎಣ್ಣೆ ಅಂಚಿಗೆ ಸರಿಯದಂತೆ ತಡೆಯಲು ಕಾವ್ಯಶ್ರೀ ಸಟ್ಟುಗ ತೆಗೆದುಕೊಂಡಳು. ಅವಳಿಗೆ ಅರಿವಿಲ್ಲದೆಯೇ ಅದು ಎಡಗೈಗೆ ಬಂದಿತ್ತು. ಸಟ್ಟುಗ ಹೋಗಿ ಅಂಚಿನ ಒಂದು ತಗ್ಗಿನಲ್ಲಿ, ಅಳತೆ ತೆಗೆದು ಮಾಡಿದ ಹಾಗೆ ಕುಂತುಬಿಟ್ಟಿತು.

"ಗಂಗತ್ತೆ, ಅಂಚು ಸವೆದೈತೆ ನೋಡ್ರಿ."

"ಸವೀದೆ ಇನ್ನೇನು? ಎಷ್ಟು ಕಾಲದ ಹೆಂಚು."

"ಎಡಕ್ಕೆ ಸವೆದೈತೆ."

"ತಿರುಗಿಸಿ ಇಟ್ಟಿದೀಯ."

"ಹಿಡಿ ನನ್ ಕಡೆಗೇ ಐತಲ್ಲ."

ಗಂಗಕ್ಕ ಎದ್ದು ಬಂದು ಬಗ್ಗಿ ನೋಡಿದಳು. ಇನ್ನೊಂದು ಹೆಂಚನ್ನು ತಂದು ಅದೇ ರೀತಿ ಹಿಡಿ ಮುಂದೆ ಮಾಡಿ ಪಕ್ಕಕ್ಕಿಟ್ಟಳು. ಜನ ನೋಡುತ್ತಿರುವಾಗ ದಿನವೂ ಸುಟ್ಟ ಹೆಂಚಿನಲ್ಲಿ ಬಲ ಅಂಚು ಸವೆದಿತ್ತು. ಬಾಗಿಲು ಮುಚ್ಚಿಕೊಂಡು ಸುಟ್ಟ ಹೆಂಚಿನಲ್ಲಿ ಎಡ ಅಂಚು. ಕಬ್ಬಿಣಕ್ಕೆ ಸುಳ್ಳು ಹೇಳುವ ವಿದ್ಯೆ ಗೊತ್ತಿಲ್ಲ.

"ಇದನ್ನ ಬೇರೆ ಯಾರಾದ್ರೂ ಮುಟ್ಟಿದ್ರಾ?" ಎಂದಳು ಕಾವ್ಯಶ್ರೀ.

"ಇಲ್ಲ. ಅತ್ತಿಗೆ ಒಬ್ಳೇ."

ಗಂಗಕ್ಕ ಅಲ್ಲೇ ಕುಂತಳು. "ಮದುವೆಯಾಗಿ ಬಂದ ಹೊಸದ್ರಲ್ಲಿ ಅವಳು ಎಡಗೈಲಿ ಸಟ್ಟುಗ ಹಿಡಿದಿದ್ದಕ್ಕೆ ನಮ್ಮವ್ವ ಸೌದೆ ಕಡ್ಡೀಲಿ ಆ ಕೈಗೆ ಹೊಡೆದಿದ್ಲು. ನಾನಿನ್ನೂ ಹುಡುಗಿ. ಆಮೇಲೆ ಬಲಗೈ ರೂಢಿ ಆಯ್ತು, ಸರಿಹೋದ್ಲು ಅಂದ್ಕಂಡಿದ್ವಿ."

"ನಮ್ಮವ್ವ ಎಡಚಿನಾ?" ಎಂದ ಹೊಸಿಲಲ್ಲಿ ನಿಂತಿದ್ದ ಜುಂಜೇಶ. "ನಂಗೆ ಬಡಿದಿದ್ದೆಲ್ಲ ಬಲಗೈಲೇ."

"ಅದಕ್ಕೇ ನಿನಗೆ ಸರಿಯಾಗಿ ಬೀಳ್ಲಿಲ್ಲ."

ಮೂವರೂ ನಕ್ಕರು. ನಗುತ್ತಲೇ ಗಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜನರೆದುರು ಬದುಕಿದ ಕೈ ಬೇರೆ, ದೇವರೆದುರು ಕುಂತ ಕೈ ಬೇರೆ. ಅಷ್ಟು ವರ್ಷ ಆ ಬಾಗಿಲ ಹಿಂದೆ ಕಾಟಮ್ಮ ದೇವರಿಗೆ, ಅವನೇ ಕೊಟ್ಟ ಕೈಲಿ ಉಣಿಸಿದ್ದಳು. ಅವನು ಬೇಡ ಎಂದಿರಲಿಲ್ಲ. ಹಿಂಡು ಬೆಳೆದಿತ್ತು, ಮನೆ ತಣ್ಣಗಿತ್ತು.

ಸೋಮವಾರ ಬೆಳಗ್ಗೆ ಕಾವ್ಯಶ್ರೀ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಗಂಟು ಕಟ್ಟಿ ಒಲೆಯ ಮನೆಗೆ ಬಂದಳು. ಹೆಂಚು ಕರ್ರಗೆ, ಟಗರಿನ ಕಣ್ಣಿನಂತೆ ಹೊಳೆಯುತ್ತಿತ್ತು. ಅವಳು ಬಾಗಿಲಿಗೆ ಕೈ ಹಾಕಿದಳು.

"ಮುಚ್ಲಾ ಗಂಗತ್ತೆ?"

ಗಂಗಕ್ಕ ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. "ಬ್ಯಾಡ. ಹೊಗೆ ಕಟ್ತದೆ. ತೆಗ್ದೇ ಇರ್ಲಿ."

ಕಾವ್ಯಶ್ರೀ ರೊಟ್ಟಿ ತಟ್ಟಿ ಹೆಂಚಿಗೆ ಹಾಕಿದಳು. ಎಡಗೈಯ ಸಟ್ಟುಗ ಅತ್ತೆ ಸವೆಸಿದ ಜಾಗದಲ್ಲಿ ಒಳಸರಿಯಿತು. ರೊಟ್ಟಿ ಇಡಿಯಾಗಿ ಎದ್ದು, ಇಡಿಯಾಗಿ ಮಗುಚಿ ಬಿತ್ತು.

ದೇವರಿಗೆ ಇಟ್ಟು, ಟಗರಿಗೆ ಕೊಡಲು ಹೊರಗೆ ಬಂದಾಗ ಅಂಗಳದಲ್ಲಿ ಕರಿಯಣ್ಣ ನಿಂತಿದ್ದ. ತೆರೆದ ಬಾಗಿಲಿನಿಂದ ಎಲ್ಲ ನೋಡಿದ್ದ.

"ಏನಕ್ಕ, ಮೀಸಲು ಯಾವ ಕೈಲಿ ಸುಟ್ಟಿದ್ದು?"

ಗಂಗಕ್ಕ ರೊಟ್ಟಿಯ ಚೂರೊಂದನ್ನು ಮುರಿದು ಅವನ ಅಂಗೈಗಿಟ್ಟಳು.

"ಅವರತ್ತೆ ಸುಡ್ತಿದ್ದ ಕೈಲೇ. ತಿನ್ನಪ್ಪ, ಆರಿಹೋಗ್ತದೆ."