ಕಡಿಮೆ ಮಾತಿನ ಮಗಳಿಗೆ ಸ್ಪೀಚ್ ಥೆರಪಿ ಓದು

ಹೊಲಿಗೆಯಕ್ಕನ ಅಂಗಡಿಯಲ್ಲಿ ಮಷೀನು ನಿಂತರೂ ಮಾತು ನಿಲ್ಲುವುದಿಲ್ಲ ಎಂದು ಬೀದಿಯವರು ತಮಾಷೆ ಮಾಡುವುದುಂಟು. ಗಿರಾಕಿ ಬಾಯಿ ತೆರೆಯುವುದರೊಳಗೆ "ಸೊಂಟ ಬಿಗಿ ಮಾಡ್ಬೇಕಾ?" ಎಂದು ಕೇಳುವವಳು ಅವಳು. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳೋ, ಕೇಳಿದ್ದಕ್ಕೆ ಎರಡು ಮಾತು, ಕೇಳದಿದ್ದರೆ ಅದೂ ಇಲ್ಲ.

ಮಗಳು ವಾಕ್ ಮತ್ತು ಶ್ರವಣ ವಿಷಯದಲ್ಲಿ ಪದವಿ ಮುಗಿಸಿದ್ದಳು. ಮುಂದಿನ ಸ್ನಾತಕೋತ್ತರ ಓದಿಗೆ ಸೀಟೂ ಸಿಕ್ಕಿತ್ತು. ಬರುತ್ತಾಳೋ ಇಲ್ಲವೋ ಎಂದು ಕಾಲೇಜಿಗೆ ನಾಳೆಯೊಳಗೆ ತಿಳಿಸಬೇಕು. ಅಮ್ಮ ಬೇಡವೆಂದು ಪಟ್ಟು ಹಿಡಿದಿದ್ದಳು.

ಅಷ್ಟರಲ್ಲಿ ಪಕ್ಕದ ಬೀದಿಯ ವಾಕ್ ಚಿಕಿತ್ಸಕಿ ತನ್ನ ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಳು. ಅದೇ ಕಾಲೇಜಿನಲ್ಲಿ ಅದೇ ಓದು ಓದಿ ಈಗ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿರುವವಳು.

"ನೀನಾದ್ರೂ ಇವಳಿಗೆ ಬುದ್ಧಿ ಹೇಳು," ಎಂದಳು ಹೊಲಿಗೆಯಕ್ಕ, ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತ. "ಬಾಯಿಗೆ ಬೆರಳಿಟ್ರೆ ಕಚ್ಚೋಕೆ ಬರಲ್ಲ. ಇವಳು ಊರವರಿಗೆ ಮಾತು ಕಲಿಸ್ತಾಳಂತೆ. ಅಲ್ಲಿ ಯಾರಾದ್ರೂ ಗದರಿದ್ರೆ ಅತ್ಕೊಂಡು ವಾಪಸ್ ಬರ್ತಾಳೆ."

"ಗದರೋದು ಇದ್ದೇ ಇದೆ ಅಕ್ಕಾ. ನಾನೂ ಅತ್ತಿದ್ದೀನಿ."

"ನೋಡು ಮತ್ತೆ. ತೊದಲೋ ಮಕ್ಕಳಿಗೆ ಅಆಇಈ ಹೇಳ್ಕೊಡೋಕೆ ಇನ್ನೂ ಎರಡು ವರ್ಷ ಯಾಕೆ?"

"ಅಷ್ಟೇ ಆಗಿದ್ರೆ ನೀನೇ ಮಾಡ್ತಿದ್ದೆ," ಎಂದು ಚಿಕಿತ್ಸಕಿ ನಕ್ಕಳು. "ಬೆಳಿಗ್ಗೆ ಪಾಠ ಇರುತ್ತೆ. ಮೆದುಳು, ಧ್ವನಿ, ಭಾಷೆ, ನುಂಗೋದು."

"ನುಂಗೋದನ್ನೂ ಓದ್ಬೇಕಾ?"

"ಲಕ್ವ ಹೊಡೆದವರಿಗೆ ಒಂದೊಂದ್ಸಲ ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತೆ. ಯಾರಿಗೆ ಏನು, ಹೇಗೆ ನುಂಗಿಸ್ಬೇಕು ಅಂತ ನೋಡೋದೂ ನಮ್ಮ ಕೆಲಸವೇ. ಪಾಠ ಆದ್ಮೇಲೆ ಕ್ಲಿನಿಕ್. ರೋಗಿ ಎದುರು ನಾವು, ಗಾಜಿನ ಆಚೆ ಮೇಡಂ. ತಪ್ಪು ಮಾಡಿದ್ರೆ ಆಮೇಲೆ ಕೂರಿಸಿ ಹೇಳ್ತಾರೆ. ವರದಿ ತಿದ್ದಿ ಕೆಂಪು ಮಾಡಿ ಕೊಡ್ತಾರೆ. ಇದರ ಜೊತೆಗೆ ಸ್ವಂತ ಸಂಶೋಧನೆ ಬೇರೆ. ಶುರುವಿನಲ್ಲಿ ಸಾಕಪ್ಪಾ ಸಾಕು ಅನ್ಸುತ್ತೆ. ನನ್ನ ಮಾತು ಬಿಡು, ಇಬ್ರೂ ಇವತ್ತೇ ಹೋಗಿ ನೋಡ್ಕೊಂಡು ಬನ್ನಿ. ನಾನು ಮೇಡಂಗೆ ಫೋನ್ ಮಾಡ್ತೀನಿ."

ಹೊಲಿಗೆಯಕ್ಕ ಅಂಗಡಿಗೆ ಬೀಗ ಹಾಕಿದಳು. ನೋಡಿದರೆ ಮಗಳೇ ಹೆದರಿ ಬೇಡವೆಂದಾಳು ಎಂಬ ಲೆಕ್ಕಾಚಾರ ಅವಳದು.

ಕಾಲೇಜಿನ ಕ್ಲಿನಿಕ್ಕಿನ ಹೊರಗೆ ಉದ್ದನೆಯ ಬೆಂಚು. ಅದರ ಮೇಲೆ ಒಬ್ಬ ಬಡಗಿಯೂ ಅವನ ಹೆಂಡತಿಯೂ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಲಕ್ವ ಹೊಡೆದ ಮೇಲೆ ಬಡಗಿಗೆ ಮಾತು ಹೊರಡುವುದು ಕಷ್ಟ. ಹೊಲಿಗೆಯಕ್ಕ ಪಕ್ಕದಲ್ಲಿ ಕುಳಿತದ್ದೇ ತಡ, ಅವನು ಕೈಯೆತ್ತಿ ಅವಳಿಗೆ ಏನೋ ಹೇಳಲು ಬಾಯಿ ತೆರೆದ. ತುಟಿ ಆಡಿತು, ಪದ ಬರಲಿಲ್ಲ.

"ನೀರು ಬೇಕಾ ಅಣ್ಣಾ?" ಎಂದಳು ಅವಳು. ಅವನು ಅಲ್ಲವೆಂದು ತಲೆಯಾಡಿಸಿದ. "ಸೆಕೆನಾ? ಫ್ಯಾನ್ ಹಾಕ್ಲಾ? ಹೊರಗೆ ಹೋಗ್ಬೇಕಾ?" ಹೆಂಡತಿಯೂ ದನಿಗೂಡಿಸಿದಳು. ಅವನ ಮುಖ ಕೆಂಪಗಾಯಿತು. ಎತ್ತಿದ ಕೈಯನ್ನು ತೊಡೆಯ ಮೇಲೆ ಹಾಕಿ ಮುಖ ತಿರುಗಿಸಿಬಿಟ್ಟ.

ಮಗಳು ಎದ್ದು ಬಂದು ಅವನೆದುರು ಮೊಣಕಾಲೂರಿ ಕುಳಿತಳು. "ಹೇಳಿ. ನಿಧಾನವಾಗಿ ಹೇಳಿ," ಎಂದಳು. ಆಮೇಲೆ ಸುಮ್ಮನಾದಳು. ಅಮ್ಮ ಏನೋ ಹೇಳಹೋದಾಗ ಅವಳ ಮೊಣಕಾಲ ಮೇಲೆ ಮೆಲ್ಲನೆ ಕೈಯಿಟ್ಟಳು. ಬಡಗಿಯ ಮುಖದಿಂದ ಮಾತ್ರ ಕಣ್ಣು ತೆಗೆಯಲಿಲ್ಲ.

"ಸೆ... ಸೆರಗು," ಎಂದ ಬಡಗಿ. ಇನ್ನಷ್ಟು ತಡೆದು, "ಮೊಳೆಗೆ... ಸಿಕ್ಕಿದೆ."

ಬೆಂಚಿನ ಅಂಚಿನಲ್ಲಿ ಎದ್ದುನಿಂತ ಮೊಳೆಗೆ ಹೊಲಿಗೆಯಕ್ಕನ ಸೆರಗು ನಿಜಕ್ಕೂ ಸಿಕ್ಕಿಕೊಂಡಿತ್ತು. ಎದ್ದಿದ್ದರೆ ಹರಿಯುತ್ತಿತ್ತು.

ಬಡಗಿಯ ಹೆಂಡತಿ ಕಣ್ಣೊರೆಸಿಕೊಂಡಳು. "ಮನೇಲಿ ನಾವೇ ಗಡಿಬಿಡಿಯಲ್ಲಿ ಇವರ ಮಾತು ಮುಗಿಸಿಬಿಡ್ತೀವಿ. ಹೊರಗಿನವರ ಹತ್ರ ಇವರು ಇಷ್ಟು ಮಾತಾಡಿದ್ದು ನಾನು ಕೇಳೇ ಇರಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಮೇಡಂ ಎಲ್ಲವನ್ನೂ ನೋಡಿದ್ದರು. "ಕಾಯೋದು ಚೆನ್ನಾಗಿ ಬಂದಿದೆಯಮ್ಮ. ಆದ್ರೆ ಅದೊಂದೇ ಸಾಲದು," ಎಂದರು ಮಗಳಿಗೆ. "ಇವರ ಮನೆಯವರಿಗೆ ಬಿಡಿಸಿ ಹೇಳೋದು, ಡಾಕ್ಟರ ಹತ್ತಿರ ಧೈರ್ಯವಾಗಿ ಮಾತಾಡೋದು, ಅದನ್ನೂ ಕಲೀಬೇಕು. ಮೊದಮೊದಲು ನಾವು ಜೊತೆಗಿರ್ತೀವಿ. ಬರ್ತಾ ಬರ್ತಾ ನೀನೇ ನಿಭಾಯಿಸ್ಬೇಕು. ಕಷ್ಟ ಇದೆ."

ಮನೆಗೆ ಬರುವಾಗ ಬಸ್ಸಿನಲ್ಲಿ ಹೊಲಿಗೆಯಕ್ಕ ಕೇಳಿದಳು, "ನಿನಗೆ ಏನನ್ಸುತ್ತೆ ಮಗಳೇ?" ಕೇಳಿ ಸುಮ್ಮನೆ ಕುಳಿತಳು. ತಾನು ಮಗಳಿಗೆ ಇಷ್ಟು ವರ್ಷ ಈ ಪ್ರಶ್ನೆಯನ್ನೇ ಕೇಳಿರಲಿಲ್ಲ ಎಂದು ಹೊಳೆದು ಅವಳಿಗೆ ನಾಚಿಕೆಯಾಯಿತು.

"ಭಯ ಆಗುತ್ತಮ್ಮ. ಬೈಸ್ಕೊಳ್ತೀನಿ, ಅಳ್ತೀನಿ. ಆದ್ರೆ ಬಿಟ್ಟು ಬರಲ್ಲ. ಆ ಅಣ್ಣ ಮುಖ ತಿರುಗಿಸಿದ್ರಲ್ಲ, ಅದನ್ನ ನೋಡ್ಕೊಂಡು ಸುಮ್ನಿರೋಕೆ ನನ್ನಿಂದ ಆಗಲ್ಲ."

"ಹಾಗಾದ್ರೆ ನಾಳೆ ತನಕ ಯಾಕೆ? ಈಗಲೇ ಬರ್ತೀನಿ ಅಂತ ತಿಳಿಸು," ಎಂದಳು ಅಮ್ಮ.

ನಿಮ್ಮ ಮನೆಯಲ್ಲೂ ಈ ಓದಿಗೆ ಹೊರಟವರಿದ್ದಾರೆಯೇ? ಸುಲಭ ಎಂದು ನಂಬಿಸಬೇಡಿ, ಆಗದು ಎಂದು ಹೆದರಿಸಲೂ ಬೇಡಿ. ಮೊದಲು ಕಾಲೇಜಿಗೆ ಹೋಗಿ ವಿಚಾರಿಸಿ. ಓದಿಗೆ ಮಾನ್ಯತೆ ಇದೆಯೇ, ರೋಗಿಗಳ ಜೊತೆ ಎಷ್ಟು ಕೆಲಸ ಸಿಗುತ್ತದೆ, ಆಗ ಜೊತೆಯಲ್ಲಿ ಯಾರಿರುತ್ತಾರೆ, ಆಸ್ಪತ್ರೆ ಮತ್ತು ಶಾಲೆಗಳಿಗೆ ಕಳಿಸುತ್ತಾರೆಯೇ ಎಂದು ಕೇಳಿ. ಈಗ ಓದುತ್ತಿರುವವರನ್ನೂ ಮಾತಾಡಿಸಿ. ಆಮೇಲೆ ನಿಮ್ಮ ಮಗಳನ್ನೋ ಮಗನನ್ನೋ ಕೇಳಿ, ಉತ್ತರಕ್ಕೆ ಕಾಯಿರಿ. ಯಾವುದೋ ಮನೆಯಲ್ಲಿ ಒಬ್ಬರು ಹೇಳಬೇಕಾದ್ದನ್ನು ಗಂಟಲಲ್ಲೇ ಇಟ್ಟುಕೊಂಡು ಕುಳಿತಿದ್ದಾರೆ. ಅವರಿಗೆ ನಿಮ್ಮ ಮಕ್ಕಳು ಬೇಕು.