ನಲವತ್ತೊಂದನೇ ಕಲ್ಲು

ಬಸ್ಸು ನಿಂತ ಸದ್ದು, ಶಂಖ ಊದಿದ ಸದ್ದು ಎರಡೂ ಒಟ್ಟಿಗೇ ಕೇಳಿಸಿದವು. ಲೆಪೇಕಾ ಥಟ್ಟನೆ ಎದ್ದು ನಿಂತಳು. ಸಂಜೆಯ ಪ್ರಾರ್ಥನೆಗೆ ಮೊದಲ ಶಂಖ ಊದಿದರೆ ಊರವರೆಲ್ಲ ಮನೆ ಸೇರಬೇಕು. ಎರಡನೆಯದು ಊದಿದರೆ ದಾರಿಯಲ್ಲಿದ್ದವರು ಇದ್ದಲ್ಲೇ ಕೂರಬೇಕು. ಮೂರನೆಯದು ಆಗುವತನಕ ಮಿಸುಕುವಂತಿಲ್ಲ, ಕೂಗುವಂತಿಲ್ಲ. ಹಾಳು ಬಸ್ಸು, ಇವತ್ತೇ ತಡಮಾಡಬೇಕೇ!

ದ್ವೀಪದ ಎಲ್ಲ ಮನೆಗಳಂತೆ ಅದೂ ಗೋಡೆಯಿಲ್ಲದ ಮನೆ. ಕಂಬಗಳ ನಡುವಿನಿಂದ ರಸ್ತೆ ಉದ್ದಕ್ಕೂ ಕಾಣುತ್ತಿತ್ತು. ಅವಳ ಮಗಳು, ಹನ್ನೆರಡು ವರ್ಷದ ಇಯಾನೇತಾ, ಬಿಳಿ ಕೋಲು ಹಿಡಿದು ಬಸ್ಸಿನಿಂದ ಇಳಿದಳು. ಮೂರನೇ ವಯಸ್ಸಿನಲ್ಲಿ ದಡಾರ ಬಂದು ಅವಳ ಎರಡೂ ಕಣ್ಣು ಹೋಗಿದ್ದವು. ಅಂದಿನಿಂದ ಅವಳ ಕೈ ಯಾರದಾದರೊಬ್ಬರ ಕೈಯಲ್ಲೇ ಇತ್ತು.

"ಎಲ್ಲಿಗ್ ಎದ್ದೆ? ಕೂತ್ಕೋ," ಎಂದ ಲೆಪೇಕಾಳ ಅಣ್ಣ ಅಪೇಲು, ಮನೆತನದ ಯಜಮಾನ. "ಇವತ್ತು ಯಾರೂ ಕೈ ಹಿಡಿಯೋ ಹಾಗಿಲ್ಲ. ಮಾತು ಅಂದ್ರೆ ಮಾತು."

ಮಾತು ಹದಿನೈದು ದಿನದ ಹಿಂದಿನದು. ಪಾದ್ರಿಗಳ ಮನೆಯಲ್ಲಿ ಉಳಿದುಕೊಂಡು ಹುಡುಗಿಗೆ ಬ್ರೈಲ್ ಓದು, ಕೋಲಿನ ನಡಿಗೆ ಕಲಿಸುತ್ತಿದ್ದ ರೂತಾ ಟೀಚರ್, ಸಮುದ್ರದಾಚೆ ರಾಜಧಾನಿ ಆಪಿಯಾದ ಅಂಧರ ಶಾಲೆಯಲ್ಲಿ ಅವಳಿಗೊಂದು ಜಾಗ ಗೊತ್ತುಮಾಡಿದ್ದಳು.

"ಇಲ್ಲಿ ಎಂಟು ಜನ ಇದೀವಿ ಕೈಹಿಡಿದು ನಡೆಸೋಕೆ. ಅಲ್ಲಿ ಯಾರಿದಾರೆ?" ಎಂದು ಅಪೇಲು ಕೇಳಿದ್ದ.

"ನಾನಿದೀನಲ್ಲ ಮಾವ," ಎಂದಿದ್ದಳು ಹುಡುಗಿ.

ಅವನಿಗೆ ನಗು ತಡೆಯಲಾಗಿರಲಿಲ್ಲ. "ಭಲೇ ಬಾಯಿ! ಆಯ್ತಮ್ಮ, ಬಸ್ ಇಳಿದು ಮನೆವರೆಗೆ ಒಬ್ಳೇ ಬಾ. ಬಂದ್ರೆ ಸೋಮವಾರದ ಹಡಗು ಹತ್ತು. ಇಲ್ದಿದ್ರೆ ಈ ಮಾತು ಮತ್ತೆ ಎತ್ತಬಾರ್ದು."

ದಿನವೂ ಟೀಚರ್ ಒಬ್ಬಳೇ ಹುಡುಗಿಯನ್ನು ರಸ್ತೆಗೆ ಕರೆದೊಯ್ದು ಅಭ್ಯಾಸ ಮಾಡಿಸಿದಳು. ಮನೆಯವರು ಹತ್ತಿರ ಬರುವಂತಿರಲಿಲ್ಲ. ಬಂದರೆ ಬಾಯಿ ಹಾಕದೆ ಇರುತ್ತಾರೆಯೇ? ಇಯಾನೇತಾ ಚಾಪೆಯಲ್ಲಿ ಮಲಗಿ ಮೂವತ್ತೆಂಟು, ಮೂವತ್ತೊಂಬತ್ತು ಎಂದು ಗುನುಗುತ್ತಿದ್ದಳು. ಹೆಜ್ಜೆ ಎಣಿಸುತ್ತಿದ್ದಾಳೆ ಎಂದುಕೊಂಡಿದ್ದಳು ಲೆಪೇಕಾ.

ಇವತ್ತು ಮಧ್ಯಾಹ್ನ ಟೀಚರ್ ಹುಡುಗಿಯನ್ನು ಬಂದರಿಗೆ ಕರೆದೊಯ್ದಿದ್ದಳು. ಅಲ್ಲಿಂದ ಅವಳನ್ನು ಬಸ್ಸು ಹತ್ತಿಸಿ ತಾನು ಹಡಗು ಹಿಡಿಯುವವಳಿದ್ದಳು. ಅವರು ಅತ್ತ ಹೋಗಿದ್ದೇ ತಡ, ಲೆಪೇಕಾ ರಸ್ತೆಗೆ ಬಂದಳು. ಬಸ್ಸು ನಿಲ್ಲುವಲ್ಲಿಂದ ಮನೆಯವರೆಗೂ ಅಂಚಿನಲ್ಲಿ ಊರ ಹೆಂಗಸರು ಸುಣ್ಣ ಬಳಿದು ಸಾಲಾಗಿ ಇಟ್ಟಿದ್ದ ಕಲ್ಲುಗಳು, ಎಡವಿದರೆ ಮಂಡಿ ಒಡೆಯುವಂಥವು. ಹೆತ್ತ ಕರುಳು ಸುಮ್ಮನಿದ್ದೀತೇ? ನಾದಿನಿಯನ್ನು ಕರೆದು, ಅಷ್ಟನ್ನೂ ತಳ್ಳುಗಾಡಿಗೆ ತುಂಬಿ, ಅಡುಗೆ ಗುಡಿಸಲಿನ ಹಿಂದೆ ರಾಶಿ ಹಾಕಿದಳು.

"ಇನ್ನು ಹೂವಿನ ಮೇಲೆ ನಡೆದ ಹಾಗೆ ಬರ್ತಾಳೆ ನೋಡು ನಿನ್ ಮಗಳು," ಎಂದು ನಾದಿನಿ ಬೆವರು ಒರೆಸಿಕೊಂಡಿದ್ದಳು.

ಈಗ ಇಯಾನೇತಾಳ ಕೋಲು ಎಡಕ್ಕೆ ಬೀಸಿತು. ಬರೀ ಹುಲ್ಲು. ಇನ್ನೊಮ್ಮೆ ಬೀಸಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಕುಕ್ಕರಗಾಲಿನಲ್ಲಿ ಕೂತು, ಅಂಗೈಯಿಂದ ನೆಲ ತಡವಿದಳು. ಅಷ್ಟರಲ್ಲಿ ಎರಡನೇ ಶಂಖ ಮೊಳಗಿತು. ಅವಳು ಇದ್ದಲ್ಲೇ ಕಾಲು ಮಡಚಿ ಕೂತು ತಲೆ ತಗ್ಗಿಸಿದಳು. ಪ್ರಾರ್ಥನೆಯ ಹೊತ್ತು ದಾರಿ ಕಾಯಲು ನಿಂತಿದ್ದ ಊರ ಹುಡುಗರು ಅವಳನ್ನು ಗದರದೆ ಬೇರೆ ಕಡೆ ನೋಡಿದರು. ಅಪೇಲು ಹಾಡು ಎತ್ತಿದ, ಮನೆಮನೆಯಲ್ಲೂ ಅದೇ ಹಾಡು.

ಮೂರನೇ ಶಂಖವಾಯಿತು. ಹುಡುಗಿ ಎದ್ದಳು. ಕೋಲು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹುಡುಕುತ್ತ ಬಂತು. ಮನೆಯ ಮುಂದೆ ಬಂತು. ಒಳಗಿಂದ ಒಂದೇ ಒಂದು ಮಾತು ಕೇಳಿಸಿದ್ದರೆ ಅವಳಿಗೆ ಸಾಕಿತ್ತು. ಲೆಪೇಕಾ ಸೆರಗಿನಂತೆ ಹೊದ್ದಿದ್ದ ಬಟ್ಟೆಯ ತುದಿ ಕಚ್ಚಿ ಹಿಡಿದಳು. ಹುಡುಗಿ ಮನೆ ದಾಟಿ ಮುಂದೆ ಹೋದಳು, ಪಕ್ಕದವರ ಹಂದಿದೊಡ್ಡಿಯ ಬೇಲಿಗೆ ಹೋಗಿ ತಾಕಿದಳು.

"ಸಾಕು. ಕರ್ಕೊಂಡ್ ಬಾ," ಎಂದ ಅಪೇಲು. ಗೆದ್ದ ಖುಷಿ ಅವನ ದನಿಯಲ್ಲಿರಲಿಲ್ಲ.

ಮಗಳ ಕೈ ತಣ್ಣಗಿತ್ತು. "ಎಲ್ಲೋ ತಪ್ಪಿದೆ ಅಮ್ಮ. ಕಲ್ಲೇ ಸಿಗ್ಲಿಲ್ಲ."

"ಯಾವ ಕಲ್ಲು?"

"ಸುಣ್ಣದ್ದು. ಟಕ್ ಅನ್ನುತ್ತಲ್ಲ. ನಲವತ್ತೊಂದನೇದಕ್ಕೆ ನಮ್ಮನೆ. ರಸ್ತೆಯ ಆ ಕಡೆಗೆ ಹೋಗ್ಬಿಟ್ನೇನೋ. ನಂದೇ ತಪ್ಪು."

ಲೆಪೇಕಾಗೆ ಈಗ ಹೊಳೆಯಿತು: ಮಗಳು ಗುನುಗುತ್ತಿದ್ದದ್ದು ಹೆಜ್ಜೆಯ ಲೆಕ್ಕವಲ್ಲ, ತಾನು ಎತ್ತಿಹಾಕಿದ ಕಲ್ಲುಗಳದು. ಈಗಲೇ ಹೇಳಿಬಿಡಬೇಕು, ಅಣ್ಣ ಅಲ್ಲೇ ನಿಂತಿದ್ದಾನೆ. ಆದರೆ ಹೇಳಿದರೆ ಸೋಮವಾರ ಈ ಕೈ ಹೊರಟುಹೋಗುತ್ತದೆ. ಒಳಗೆಲ್ಲೋ ಒಂದಿಷ್ಟು ನೆಮ್ಮದಿಯಾಯಿತು. ಅದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಹೋಗ್ಲಿ ಬಿಡು ಕಂದ," ಎಂದಳು. "ತಪ್ಪು ಎಲ್ರಿಗೂ ಆಗುತ್ತೆ."

ಮಾರನೆಯ ದಿನವೂ ಅದರ ಮಾರನೆಯ ದಿನವೂ ಕಲ್ಲುಗಳನ್ನು ತಿರುಗಿ ಇಡಲು ಅವಳಿಗೆ ಧೈರ್ಯ ಬರಲಿಲ್ಲ. ಇಟ್ಟರೆ ಕೋಲಿಗೆ ಸಿಗುತ್ತವಲ್ಲ.

ಸೋಮವಾರ ಬೆಳಿಗ್ಗೆ ಲೆಪೇಕಾ ಅಡುಗೆ ಗುಡಿಸಲಿನಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಸಿಪ್ಪೆ ಎಸೆಯಲು ಇಯಾನೇತಾ ಹಿಂದೆ ಹೋದಳು. ಟಕ್, ಎಂದಿತು ಕೋಲು. ಆಮೇಲೆ ಕಲ್ಲೊಂದನ್ನು ಎತ್ತಿ ಪಕ್ಕಕ್ಕಿಟ್ಟ ಸದ್ದು.

"ಒಂದು," ಎಂದಳು ಮಗಳು. "ಎರಡು."

ಲೆಪೇಕಾಳ ಕೈ ತುರಿಮಣೆಯ ಮೇಲೆ ನಿಂತಿತು. ಎಣಿಕೆ ಅವಸರವಿಲ್ಲದೆ ನಲವತ್ತೊಂದರವರೆಗೂ ಬಂತು. ಆಮೇಲೆ ಮಗಳು ಒಳಗೆ ಬಂದು, ಸುಣ್ಣ ಮೆತ್ತಿದ ಎರಡೂ ಅಂಗೈಗಳನ್ನು ಅಮ್ಮನ ಮುಂದೆ ಚಾಚಿ ನಿಂತಳು.

"ತೊಳ್ಕೋಬೇಕು, ನೀರು ಕೊಡು," ಎಂದಳು.